‘ನಮಗೆಲ್ಲಾ ಅದು ಅರ್ಥ ಆಗಲ್ಲ ಬಿಡ್ರೀ!’

ಸಂಜೆ ಐದೂವರೆ. ಬೆಂಗಳೂರಿನ ಯಾವುದೇ ಬಡಾವಣೆಯ ಡ್ರಾಯಿಂಗ್ ಕ್ಲಾಸಿನ ಮುಂದೆ ಹೋಗಿ ನೋಡಿ. ಒಳಗೆ ಮಕ್ಕಳು ಬಣ್ಣ ಕಲಸುತ್ತಿರುತ್ತವೆ. ಹೊರಗೆ ಮೆಟ್ಟಿಲ ಮೇಲೆ, ಸ್ಕೂಟಿಯ ಸೀಟಿನ ಮೇಲೆ, ಇದ್ದರೆ ಒಂದು ಬೆಂಚಿನ ಮೇಲೆ ಅಮ್ಮಂದಿರು. ಒಬ್ಬರ ಮಡಿಲಲ್ಲಿ ಸೊಪ್ಪಿನ ಚೀಲ, ಇನ್ನೊಬ್ಬರ ಕೈಯಲ್ಲಿ ಮೊಬೈಲು, ಮತ್ತೊಬ್ಬರ ಕಣ್ಣು ಗಡಿಯಾರದ ಮೇಲೆ. ಪಕ್ಕದ ರಸ್ತೆಯ ಸಂಗೀತದ ಕ್ಲಾಸು, ಅದರಾಚೆಯ ಗಿಟಾರ್ ಕ್ಲಾಸು... ಎಲ್ಲ ಕಡೆಯೂ ಇದೇ ದೃಶ್ಯ. ಮಗುವಿಗೆ ಕಲೆ, ಅಮ್ಮನಿಗೆ ಬೆಂಚು!

ಆ ಬೆಂಚಿನ ಮೇಲೆ ನೀವೂ ಕೂತಿದ್ದೀರಿ, ಅಲ್ವಾ? ನಾನೂ ಕೂತಿದ್ದೇನೆ. ಒಂದು ದಿನ ಪಕ್ಕದಲ್ಲಿ ಕೂತವರನ್ನು ಕೇಳಿದೆ, ‘ಭಾನುವಾರ ಚಿತ್ರಕಲಾ ಪರಿಷತ್ತಿನಲ್ಲಿ ಒಂದು ಎಕ್ಸಿಬಿಷನ್ ಇದೆಯಂತೆ, ಹೋಗಿ ಬರೋಣ್ವಾ?’

‘ಮಕ್ಕಳಿಗಾ?’ ಅಂದರು.

‘ಇಲ್ಲಾರೀ, ನಮಗೇ’ ಅಂದೆ.

ಅವರು ನಕ್ಕುಬಿಟ್ಟರು. ‘ಅಯ್ಯೋ, ನಮಗೆಲ್ಲಾ ಅದು ಅರ್ಥ ಆಗಲ್ಲ ಬಿಡ್ರೀ!’

ಈ ಒಂದು ಮಾತಿನ ಬಗ್ಗೆಯೇ ಇವತ್ತು ನಿಮ್ಮ ಜೊತೆ ಸ್ವಲ್ಪ ಜಗಳ ಆಡಬೇಕು ಅಂತ ಕೂತಿದ್ದೇನೆ.

ಸೀರೆ ಅಂಗಡಿಯನ್ನೇ ತಗೊಳ್ಳಿ. ಸೇಲ್ಸ್‌ಮನ್ ಐವತ್ತು ಸೀರೆ ಹಾಸಿದರೂ ನೀವು ಒಂದು ಕ್ಷಣದಲ್ಲಿ ಹೇಳ್ತೀರಿ, ‘ಈ ಗಿಳಿಹಸಿರಿಗೆ ಆ ಅಂಚು ತುಂಬಾ ಹೊಡೆಯತ್ತೆ, ಒಂಚೂರು ಮಂಕು ಬಣ್ಣ ಇದ್ದಿದ್ರೆ ಚೆನ್ನಾಗಿರ್ತಿತ್ತು.’ ದಸರಾ ಗೊಂಬೆ ಕೂರಿಸುವಾಗ ಯಾವ ಗೊಂಬೆ ಮೇಲಿನ ಮೆಟ್ಟಿಲಿಗೆ, ಯಾವುದು ಮೂಲೆಗೆ, ಎಲ್ಲಿ ಜಾಗ ಖಾಲಿ ಬಿಟ್ಟರೆ ಚೆಂದ ಅಂತ ಅರ್ಧ ದಿನ ತಲೆ ಕೆಡಿಸಿಕೊಳ್ತೀರಿ. ಚುಕ್ಕಿ ಇಟ್ಟು ರಂಗೋಲಿ ಎಳೆಯುವಾಗ ಕೈ ತಾನಾಗಿ ಅಳತೆ ಹಿಡಿಯುತ್ತೆ. ಬಣ್ಣ, ಆಕಾರ, ಜಾಗದ ಲೆಕ್ಕ, ಇವಿಷ್ಟೂ ನಿಮಗೆ ಗೊತ್ತು. ಚಿತ್ರದ ಮುಂದೆ ನಿಲ್ಲೋದಕ್ಕೆ ಬೇಕಾಗಿರೋದೂ ಇದೇ ಕಣ್ಣು. ಹೀಗಿರುವಾಗ ಗ್ಯಾಲರಿಯ ಗೇಟಿನ ಹತ್ತಿರ ಬಂದ ಕೂಡಲೇ ‘ನಮಗೆ ಅರ್ಥ ಆಗಲ್ಲ’ ಅನ್ನೋದು ಯಾಕೆ?

ಕುಂಕುಮ, ಸೂಜಿ, ಸಗಣಿ

ನಮ್ಮ ಬೆಂಗಳೂರಿನಲ್ಲೇ ಇರುವ ಒಬ್ಬ ಕಲಾವಿದೆಯ ಬಗ್ಗೆ ಹೇಳ್ತೀನಿ ಕೇಳಿ. ಹೆಸರು ಶೀಲಾ ಗೌಡ. ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಶಾಲೆ, ಶಾಂತಿನಿಕೇತನ, ಆಮೇಲೆ ಲಂಡನ್ನಿನಲ್ಲಿ ಕಲಿತವರು. 1990ರ ದಶಕದ ಆರಂಭದಲ್ಲಿ ಇವರು ಎಣ್ಣೆಬಣ್ಣವನ್ನು ಪಕ್ಕಕ್ಕಿಟ್ಟು ಕೈಗೆ ತಗೊಂಡಿದ್ದು ಏನನ್ನು ಗೊತ್ತಾ? ಸಗಣಿಯನ್ನು! ಹೌದು, ನಮ್ಮ ಅಜ್ಜಿ ಅಂಗಳ ಸಾರಿಸುತ್ತಿದ್ದ, ಬೆರಣಿ ತಟ್ಟುತ್ತಿದ್ದ ಅದೇ ಸಗಣಿ.

1998ರಲ್ಲಿ ಇವರು ಮಾಡಿದ ಒಂದು ಕೃತಿಯಲ್ಲಿ ಇರೋದು ಸೂಜಿ, ದಾರ, ಕುಂಕುಮ, ಅಂಟು, ಇಷ್ಟೇ. ಉದ್ದನೆಯ ದಾರವನ್ನು ಸೂಜಿಯ ಕಣ್ಣಿನಿಂದ ಪೂರ್ತಿ ಎಳೆದು, ಅಂಥ ಎಷ್ಟೋ ಎಳೆಗಳನ್ನು ಒಟ್ಟು ಸೇರಿಸಿ, ಅಂಟು ಬೆರೆಸಿದ ಕುಂಕುಮ ಹಚ್ಚಿ ಕೆಂಪು ಹಗ್ಗ ಮಾಡಿದರು. ಆ ಹಗ್ಗ ಗೋಡೆಯ ಮೇಲೆ, ನೆಲದ ಮೇಲೆ ಸುರುಳಿ ಸುರುಳಿಯಾಗಿ ಹರಿಯುತ್ತೆ. ತುದಿಯಲ್ಲಿ ಸೂಜಿಗಳ ಗೊಂಚಲು. ಅದರ ಇಂಗ್ಲಿಷ್ ಹೆಸರನ್ನು ಕನ್ನಡದಲ್ಲಿ ಹೇಳಿದರೆ ‘ಮತ್ತೆ ಅವನಿಗೆ ನನ್ನ ನೋವನ್ನು ಹೇಳು’ ಅಂತಾಗುತ್ತೆ. ಈಗ ಹೇಳಿ, ಇದು ಅರ್ಥ ಆಗೋಕೆ ಯಾವ ಡಿಗ್ರಿ ಬೇಕು? ರಾತ್ರಿ ಹನ್ನೊಂದಕ್ಕೆ ಮಗನ ಯೂನಿಫಾರ್ಮಿನ ಗುಂಡಿ ಹೊಲಿಯುತ್ತಾ ಬೆರಳಿಗೆ ಸೂಜಿ ಚುಚ್ಚಿಸಿಕೊಂಡವರು ನಾವು. ಹಣೆಗೆ ಇಡುವ ಕುಂಕುಮದ ಬಣ್ಣ ಯಾವಾಗ ಮಂಗಳ, ಯಾವಾಗ ರಕ್ತ ಅನ್ನೋದು ನಮಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

2009ರಲ್ಲಿ ಇಟಲಿಯ ವೆನಿಸ್‌ನಲ್ಲಿ ನಡೆದ ಜಗತ್ಪ್ರಸಿದ್ಧ ಕಲಾಮೇಳದಲ್ಲಿ ಶೀಲಾ ಅವರು ತೋರಿಸಿದ್ದು ಕೂದಲಿನ ಹಗ್ಗಗಳನ್ನು. ದೃಷ್ಟಿ ತಾಗದಿರಲಿ ಅಂತ ನಮ್ಮಲ್ಲಿ ಗಾಡಿಗಳ ಬಂಪರಿಗೆ ಕಪ್ಪು ಹಗ್ಗ ಕಟ್ಟುತ್ತಾರಲ್ಲ, ಅದೇ. ಮುಡಿ ಕೊಡುವುದು ಅಂದರೇನು, ದೃಷ್ಟಿ ಅಂದರೇನು ಅಂತ ಅಲ್ಲಿಯ ಜನಕ್ಕೆ ವಿವರಿಸಿ ಹೇಳಬೇಕು. ನಿಮಗೆ ಹೇಳಬೇಕಾ?

ಇನ್ನೊಬ್ಬರು ಎನ್. ಪುಷ್ಪಮಾಲಾ. ಇವರೂ ಬೆಂಗಳೂರಿನವರೇ. ಮೊದಲು ಶಿಲ್ಪ ಮಾಡುತ್ತಿದ್ದವರು ಆಮೇಲೆ ತಾವೇ ವೇಷ ಹಾಕಿಕೊಂಡು ಕ್ಯಾಮೆರಾ ಮುಂದೆ ನಿಂತರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರ ಬಗ್ಗೆ ಒಂದು ಫೋಟೊ ಸರಣಿಯನ್ನೇ ಮಾಡಿದರು. ಅದರಲ್ಲಿ ನಮ್ಮ ದೇವರಮನೆಯ ರವಿವರ್ಮನ ಲಕ್ಷ್ಮಿ ಇದ್ದಾಳೆ. ಅದೇ ಕಮಲ, ಅದೇ ಸೀರೆ, ಹಿಂದೆ ಬಣ್ಣ ಬಳಿದ ಪರದೆ. ಆದರೆ ದೇವಿಯ ಜಾಗದಲ್ಲಿ ನಿಂತಿರೋದು ನಮ್ಮ ನಿಮ್ಮಂಥ ಒಬ್ಬ ಹೆಂಗಸು. ನೋಡಿದ ಕೂಡಲೇ ಮೊದಲು ನಗು ಬರುತ್ತೆ. ಸ್ವಲ್ಪ ಹೊತ್ತು ನಿಂತರೆ ಒಂದು ಪ್ರಶ್ನೆ ಹುಟ್ಟುತ್ತೆ. ವರಮಹಾಲಕ್ಷ್ಮಿ ಹಬ್ಬದ ದಿನ ಬೆಳಗಿನ ನಾಲ್ಕಕ್ಕೆ ಎದ್ದು, ರೇಷ್ಮೆ ಸೀರೆ ಉಟ್ಟು, ನಗುನಗುತ್ತಾ ಬಾಗಿಲಲ್ಲಿ ನಿಲ್ಲೋ ನಾವೂ ಯಾರೋ ಬರೆದಿಟ್ಟ ಚಿತ್ರದ ವೇಷ ಹಾಕ್ತಾ ಇದ್ದೀವಾ? ಉತ್ತರ ಹೌದು ಅಂತಲೋ ಇಲ್ಲ ಅಂತಲೋ, ಅದು ನಿಮಗೆ ಬಿಟ್ಟಿದ್ದು. ಈ ಪ್ರಶ್ನೆ ನಿಮ್ಮೊಳಗೆ ಎದ್ದಿತಲ್ಲ, ಅದಕ್ಕೇ ‘ಅರ್ಥ ಆಯ್ತು’ ಅನ್ನೋದು.

ಮೂರೇ ಚಿತ್ರ ನೋಡಿ

‘ಸರಿ, ಎಲ್ಲಿಗೆ ಹೋಗೋದು?’ ಅಂತೀರಾ? ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ಗೊತ್ತಲ್ಲ, 2009ರಲ್ಲಿ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಅಂದರೆ ಎನ್‌ಜಿಎಂಎ, ಬಾಗಿಲು ತೆರೆಯಿತು. ದೊಡ್ಡ ದೊಡ್ಡ ಮರಗಳ ನಡುವಿನ ಹಳೇ ಬಂಗಲೆ. ನಮ್ಮವರಿಗೆ ಟಿಕೆಟ್ಟು ಒಂದು ಮಸಾಲೆ ದೋಸೆಗಿಂತ ಅಗ್ಗ. ಕುಮಾರಕೃಪಾ ರಸ್ತೆಯಲ್ಲಿ 1960ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತು ಇದೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಶುರುವಾದ ಮ್ಯಾಪ್ ಅನ್ನೋ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ಇದೆ. ಅದೇ ರಸ್ತೆಯ ಸರ್ಕಾರಿ ಮ್ಯೂಸಿಯಂ ಪಕ್ಕದಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ. ಕೆ. ವೆಂಕಟಪ್ಪನವರು (1886-1965) ಮೈಸೂರು ಅರಮನೆಯ ಚಿತ್ರಗಾರರ ಮನೆತನದವರು, ಕಲ್ಕತ್ತಾದಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತವರು. ಊಟಿ, ಕೊಡೈಕನಾಲಿನ ಮಂಜನ್ನು ಜಲವರ್ಣದಲ್ಲಿ ಹಿಡಿದವರು. ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತಿದ್ದರು.

ಇನ್ನು ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ. 2003ರಲ್ಲಿ ಶುರುವಾದದ್ದು. ಗಾಡಿಗಳನ್ನು ನಿಲ್ಲಿಸಿ ಇಡೀ ರಸ್ತೆಯನ್ನೇ ಕಲಾವಿದರಿಗೆ ಬಿಟ್ಟುಕೊಡುತ್ತಾರೆ. ನಮ್ಮಲ್ಲಿ ಬಹಳ ಜನ ಸಂತೆಗೆ ಹೋಗ್ತೀವಿ, ಒಂದು ಗಣೇಶನನ್ನೋ ಬುದ್ಧನನ್ನೋ ಚೌಕಾಸಿ ಮಾಡಿ ತರ್ತೀವಿ. ಆದರೆ ಅದೇ ರಸ್ತೆಯ ಪರಿಷತ್ತಿನ ಒಳಗೆ ಉಳಿದ ದಿನಗಳಲ್ಲಿ ಕಾಲಿಡಲ್ಲ. ಯಾಕೆ ಅಂದರೆ ಸಂತೆಯಲ್ಲಿ ನಾವು ಗಿರಾಕಿಗಳು, ಅಲ್ಲಿ ಧೈರ್ಯ ಇದೆ. ಗ್ಯಾಲರಿಯ ಮೌನ ನಮ್ಮನ್ನು ಹೆದರಿಸುತ್ತೆ.

ಆ ಹೆದರಿಕೆಗೆ ಕಾರಣವೂ ಇದೆ, ಸುಳ್ಳು ಹೇಳಲ್ಲ. ಒಂದು ಖಾಸಗಿ ಗ್ಯಾಲರಿಗೆ ಹೋದಾಗ ಬಾಗಿಲಲ್ಲಿದ್ದ ಹುಡುಗ ನನ್ನ ಕಾಟನ್ ಸೀರೆ, ಕೈಯಲ್ಲಿದ್ದ ತರಕಾರಿ ಚೀಲ ನೋಡಿ, ‘ಆಂಟಿ, ಯಾರನ್ನ ನೋಡ್ಬೇಕಿತ್ತು?’ ಅಂದ. ‘ಚಿತ್ರ ನೋಡ್ಬೇಕಿತ್ತು ಕಣಪ್ಪಾ’ ಅಂದೆ. ಪಾಪ, ಅವನಿಗೇ ನಾಚಿಕೆಯಾಗಿ ಚೀಲ ಇಸ್ಕೊಂಡು ಒಳಗೆ ಬಿಟ್ಟ. ವಾಪಸ್ ಬರೋಣ ಅಂತ ಒಂದು ಕ್ಷಣ ನನಗೂ ಅನ್ನಿಸಿತ್ತು. ಬಂದಿದ್ದರೆ ಮತ್ತೆ ಯಾವತ್ತೂ ಹೋಗುತ್ತಿರಲಿಲ್ಲ.

ಹೋದ ಮೇಲೆ ಏನು ಮಾಡಬೇಕು? ಇಲ್ಲೇ ನಾವು ತಪ್ಪು ಮಾಡೋದು. ಕೊಟ್ಟ ದುಡ್ಡಿಗೆ ಎಲ್ಲ ನೋಡಿಬಿಡಬೇಕು ಅಂತ ಮುನ್ನೂರು ಚಿತ್ರದ ಮುಂದೆ ಮೆರವಣಿಗೆ ಹೋಗಿ, ಕಾಲು ನೋವು ತಗೊಂಡು ಬರ್ತೀವಿ. ಹಾಗೆ ಮಾಡಬೇಡಿ. ಒಂದು ಸುತ್ತು ಸುಮ್ಮನೆ ಹಾಕಿ. ಮನಸ್ಸು ಎಲ್ಲಿ ಒಂಚೂರು ತಡೆಯಿತೋ ಅಂಥ ಮೂರನ್ನು ಆರಿಸಿಕೊಳ್ಳಿ. ಪಕ್ಕದ ಚೀಟಿ ಆಮೇಲೆ ಓದಿ, ಮೊದಲು ಚಿತ್ರ ನೋಡಿ. ಇಷ್ಟ ಆಯ್ತಾ, ಕಸಿವಿಸಿ ಆಯ್ತಾ, ಯಾರದೋ ನೆನಪು ಬಂತಾ? ಅಷ್ಟು ಸಾಕು. ‘ಇದು ಏನೂ ಚೆನ್ನಾಗಿಲ್ಲ’ ಅಂತ ಹೇಳೋ ಹಕ್ಕೂ ನಿಮಗಿದೆ. ದೊಡ್ಡ ಹೆಸರು ಅಂತ ಹೆದರಿ ಹೊಗಳಬೇಕಾಗಿಲ್ಲ. ಬೇರೆಯವರ ಮನೆಯ ಹುಳಿಯಲ್ಲಿ ಉಪ್ಪು ಜಾಸ್ತಿಯಾದರೆ ನಿಮಗೆ ಗೊತ್ತಾಗಲ್ವಾ? ಹಾಗೇ ಇದೂ.

ಭಾವಗೀತೆ ಕೇಳಿದ ಕಿವಿಗಳು

ಈಗಿನ ಹುಡುಗರು ‘ಇಂಡಿ ಮ್ಯೂಸಿಕ್’ ಅಂತಾರೆ. ಅಂದರೆ ಸಿನಿಮಾಕ್ಕಾಗಿ ಅಲ್ಲದೆ, ದೊಡ್ಡ ಕಂಪೆನಿಯ ಹಂಗೂ ಇಲ್ಲದೆ, ತಮ್ಮ ಹಾಡನ್ನು ತಾವೇ ಕಟ್ಟಿ ಹಾಡೋದು. ‘ಅದೆಲ್ಲಾ ಗಿಟಾರು, ಡ್ರಮ್ಸು, ಕಿರುಚಾಟ’ ಅಂತ ಮೂಗು ಮುರಿಯೋ ಮುಂಚೆ ಒಂದು ವಿಷಯ ನೆನಪಿಸಿಕೊಳ್ಳಿ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಅದರಲ್ಲಿ ಸಿನಿಮಾ ಎಲ್ಲಿತ್ತು? ಹೀರೋ ಎಲ್ಲಿದ್ದ? ಆದರೂ ಅದು ಮನೆಮನೆಗೂ ತಲುಪಿತು. ಅಡುಗೆಮನೆಯ ಟೇಪ್‌ರೆಕಾರ್ಡರಿನಲ್ಲಿ ಭಾವಗೀತೆ ಹಾಕಿಕೊಂಡು ಚಪಾತಿ ಲಟ್ಟಿಸಿದ ನಾವು ಹಿಂದಿನಿಂದಲೂ ಇಂಡಿ ಕೇಳುಗರೇ ಕಣ್ರೀ!

ಸಂತ ಶಿಶುನಾಳ ಷರೀಫರನ್ನು (1819-1889) ನಮ್ಮ ಕಾಲದವರಿಗೆ ಹಾಡಿ ತೋರಿಸಿದ್ದು ಸಿ. ಅಶ್ವತ್ಥ್. 2005ರಲ್ಲಿ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ್ದ ಜನಸಾಗರದಲ್ಲಿ ನಿಮ್ಮಲ್ಲೂ ಕೆಲವರು ಇದ್ದಿರಬಹುದು. ಅದೇ ಷರೀಫರನ್ನು ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗಿಟಾರು, ಪಿಟೀಲಿನ ಜೊತೆ ಹಾಡಿದರು. ಕಾಲೇಜು ಹುಡುಗರು ಕುಣಿದರು. ಪದ ಅದೇ, ಉಡುಪು ಬೇರೆ. 2002ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ‘ಸ್ವರಾತ್ಮ’ ತಂಡದ್ದೂ ನಮ್ಮ ಜನಪದದ ವಾಸನೆ ಇರೋ ಹಾಡುಗಳೇ. ಕಬೀರನನ್ನು ಹಾಡುವ ಬಿಂದುಮಾಲಿನಿಯವರಿಗೆ ‘ನಾತಿಚರಾಮಿ’ (2018) ಚಿತ್ರದ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಬಂತು. ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳ ಆಸೆಯ ಬಗ್ಗೆ ಮಾತಾಡೋ ಧೈರ್ಯ ಮಾಡಿದ ಸಿನಿಮಾ ಅದು. ಇಂಥ ದನಿಗಳನ್ನು ಕೇಳೋಕೆ ವಯಸ್ಸಿನ ಮಿತಿ ಎಲ್ಲಿದೆ?

ಹಾಂ, ಒಂದು ಕಷ್ಟ ಇರೋದು ನಿಜ. ಈ ಕಛೇರಿಗಳಲ್ಲಿ ಎಷ್ಟೋ ನಡೆಯೋದು ರಾತ್ರಿ ಒಂಬತ್ತರ ಮೇಲೆ, ಪಬ್ಬುಗಳಲ್ಲಿ. ಅಲ್ಲಿಗೆ ಹೋಗೋಕೆ ನಮ್ಮಲ್ಲಿ ಬಹಳ ಜನಕ್ಕೆ ಇಷ್ಟವೂ ಇಲ್ಲ, ಅನುಕೂಲವೂ ಇಲ್ಲ. ಆದರೆ ಅದೊಂದೇ ಜಾಗ ಅಲ್ಲ. ಜೆ.ಪಿ. ನಗರದಲ್ಲಿ 2004ರಲ್ಲಿ ಅರುಂಧತಿ ನಾಗ್ ಅವರ ಹಟದಿಂದ ಎದ್ದು ನಿಂತ ರಂಗಶಂಕರ ಇದೆ, ನಾಟಕದ ಜೊತೆಗೆ ಆಗಾಗ ಸಂಗೀತವೂ ಇರುತ್ತೆ. (ನೆನಪಿರಲಿ, ಅಲ್ಲಿ ಹೇಳಿದ ಟೈಮಿಗೆ ಬಾಗಿಲು ಹಾಕಿಬಿಡುತ್ತಾರೆ. ‘ಗ್ಯಾಸ್ ಆಫ್ ಮಾಡಿದ್ನಾ’ ಅಂತ ಅರ್ಧ ದಾರಿಯಿಂದ ವಾಪಸ್ ಹೋದರೆ ನಾಟಕ ತಪ್ಪಿದ ಹಾಗೇ!) ಅದೇ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಸಂಗೀತದ ಮ್ಯೂಸಿಯಂ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಇದೆ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರಿನ ಬಹಳಷ್ಟು ಕಾರ್ಯಕ್ರಮಗಳಿಗೆ ಟಿಕೆಟ್ಟೇ ಇಲ್ಲ. ಕಾರ್ಯಕ್ರಮ ಮಾಡುವವರಿಗೂ ಒಂದು ಮಾತು: ಮಧ್ಯಾಹ್ನ ಮೂರಕ್ಕೋ ಸಂಜೆ ಐದಕ್ಕೋ ಒಂದೊಂದು ಕಛೇರಿ ಇಟ್ಟು ನೋಡಿ ಸ್ವಾಮಿ, ಅರ್ಧ ಸಭಾಂಗಣ ನಾವೇ ತುಂಬಿಸ್ತೀವಿ.

ತ್ರಿವೇಣಿ ಓದಿದ ಮನೆಗಳು

ಪುಸ್ತಕದ ವಿಷಯಕ್ಕೆ ಬಂದರೆ ನಮಗೆ ಯಾವ ಹೊರಗಿನವರ ಪಾಠವೂ ಬೇಡ. ನಮ್ಮ ಅಮ್ಮಂದಿರು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ ಕಾದಂಬರಿ ತಂದು, ಒಲೆ ಮೇಲೆ ಸಾರು ಕುದಿಯುವಾಗ ಎರಡು ಪುಟ, ಮಗು ಮಲಗಿದಾಗ ನಾಲ್ಕು ಪುಟ ಅಂತ ಮುಗಿಸುತ್ತಿದ್ದರು. 1963ರಲ್ಲಿ ಕಣ್ಮುಚ್ಚಿದಾಗ ತ್ರಿವೇಣಿಯವರಿಗೆ ಇನ್ನೂ ನಲವತ್ತು ದಾಟಿರಲಿಲ್ಲ. ಆದರೆ ಹೆಣ್ಣಿನ ಮನಸ್ಸಿನ ಕಾಯಿಲೆಯನ್ನು ಮನೆಯೊಳಗಿನ ಮಾತಾಗಿಸಿ ಹೋಗಿದ್ದರು. ಇಂದಿರಾ ಅವರಂತೂ ಕಾದಂಬರಿ ಬರೆಯೋಕೆ ಶುರು ಮಾಡಿದ್ದೇ ನಲವತ್ತೈದರ ಸುಮಾರಿಗೆ!

ಆ ಓದು ನಮ್ಮ ಕೈಯಲ್ಲಿ ಎಲ್ಲಿ ತಪ್ಪಿತು? ಮೊದಲು ಸೀರಿಯಲ್ ಬಂತು, ಆಮೇಲೆ ಮಕ್ಕಳ ಪರೀಕ್ಷೆ, ಆಮೇಲೆ ಮೊಬೈಲು. ಈಗ ಮನೆಯಲ್ಲಿ ಇರೋ ಪುಸ್ತಕ ಅಂದರೆ ಮಕ್ಕಳ ಗೈಡು ಮಾತ್ರ. ಇತ್ತ 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಕನ್ನಡಕ್ಕೆ ಇದು ಮೊದಲು, ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದೂ ಅದೇ ಮೊದಲು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನಾವೆಲ್ಲ ಹೂಗುಚ್ಛ, ಚಪ್ಪಾಳೆ ಕಳಿಸಿದ್ದೇ ಕಳಿಸಿದ್ದು. ಓದಿದವರು ಎಷ್ಟು ಜನ? ಆ ಹನ್ನೆರಡು ಕಥೆಗಳಲ್ಲಿ ಇರೋದು ಯಾರು ಅಂದುಕೊಂಡಿರಿ? ಹೆಂಡತಿಯರು, ಅತ್ತೆಯರು, ಹೆಣ್ಣುಮಕ್ಕಳು, ತವರಿಗೆ ಬಂದು ನಿಂತವರು. ಅವುಗಳಲ್ಲೇ ಒಂದು ಕಥೆಯಿಂದ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದ್ದರು, ತಾರಾ ಅವರಿಗೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂದದ್ದು. ಲಂಡನ್ನಿನ ತೀರ್ಪುಗಾರರು ಓದಿ ಮೆಚ್ಚಿದ ಹೆಂಗಸರ ಕಥೆಯನ್ನು ಮೂಲ ಭಾಷೆಯಲ್ಲೇ ಓದೋ ಭಾಗ್ಯ ಇರೋ ನಾವು ಬರೀ ಚಪ್ಪಾಳೆ ತಟ್ಟಿ ಕೂತರೆ ಹೇಗೆ?

ದಪ್ಪ ಪುಸ್ತಕ ಅಂದರೆ ಭಯವಾ? ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ತಗೊಳ್ಳಿ, ಎರಡು ಮಧ್ಯಾಹ್ನದಲ್ಲಿ ಮುಗಿಯುತ್ತೆ. ಚಿಕ್ಕ ಮನೆಯಲ್ಲಿ ಇರುವೆ ಕಾಟದ ಜೊತೆ ಬದುಕುತ್ತಿದ್ದ ಕುಟುಂಬ ಒಂದು ಮಸಾಲೆ ವ್ಯಾಪಾರದಿಂದ ದುಡ್ಡು ಕಂಡು ದೊಡ್ಡ ಮನೆಗೆ ಹೋಗುತ್ತೆ. ಆಮೇಲೆ ಆ ಮನೆಯ ಹೆಂಗಸರ ನಡುವೆ ಏನೇನಾಗುತ್ತೆ ಅನ್ನೋದನ್ನು ನಮಗಿಂತ ಚೆನ್ನಾಗಿ ಹಿಡಿಯೋ ಓದುಗರು ಇನ್ನೊಬ್ಬರಿಲ್ಲ.

ಪುಸ್ತಕ ಕೊಳ್ಳೋಕೆ ಗಾಂಧಿ ಬಜಾರಿನ ಅಂಕಿತ, ಗಾಂಧಿನಗರದ ಸಪ್ನಾ ಇವೆ. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ಗಳಲ್ಲಿ ಹಳೇ ಪುಸ್ತಕ ಕಮ್ಮಿ ಬೆಲೆಗೆ ಸಿಗುತ್ತೆ, ಎಂ.ಜಿ. ರೋಡ್ ಮೆಟ್ರೊ ಇಳಿದರೆ ನಡೆದು ಹೋಗುವಷ್ಟು ದೂರ. ಕೊಳ್ಳೋದೇ ಬೇಡ ಅಂದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿ ಕೇಂದ್ರ ಗ್ರಂಥಾಲಯವೇ ಇದೆಯಲ್ಲ. ಅದೇ ಪಾರ್ಕಿನ ಹುಲ್ಲಿನ ಮೇಲೆ ಶನಿವಾರ ಬೆಳಿಗ್ಗೆ ಸುಮ್ಮನೆ ಪುಸ್ತಕ ಹಿಡಿದು ಕೂತು ಓದುವ ‘ಕಬ್ಬನ್ ರೀಡ್ಸ್’ ಅನ್ನೋ ಅಭ್ಯಾಸವನ್ನು ಕೆಲವು ಯುವಕ ಯುವತಿಯರು ಶುರು ಮಾಡಿದರು. ಅಲ್ಲಿ ಯಾರೂ ಯಾರನ್ನೂ ಮಾತಾಡಿಸಬೇಕಾಗಿಲ್ಲ. ಇಂಗ್ಲಿಷ್ ಬರಲ್ಲ ಅನ್ನೋ ಅಂಜಿಕೆಯೂ ಬೇಡ, ಯಾಕಂದರೆ ಮಾತೇ ಇಲ್ಲ!

‘ಯಾವ ಥಿಯೇಟರು?’

ಈಗ ಮನೆಯೊಳಗಿನ ಮಾತು. ನನ್ನ ಗೆಳತಿಯೊಬ್ಬರು ಒಂದು ದಿನ ಸೀರೆ ಉಟ್ಟು ಹೊರಟಾಗ ಅವರ ಅತ್ತೆ ಕೇಳಿದರಂತೆ, ‘ಎಲ್ಲಿಗಮ್ಮಾ ಹೊರಟಿದ್ದು?’

‘ಚಿತ್ರ ನೋಡೋಕೆ ಅತ್ತೆ.’

‘ಒಬ್ಬಳೇನಾ? ಯಾವ ಥಿಯೇಟರು?’

ಗೆಳತಿಗೆ ನಗು ತಡೆಯೋಕಾಗಲಿಲ್ಲ. ಮುಂದಿನ ಸಲ ಅತ್ತೆಯನ್ನೂ ಕರ್ಕೊಂಡು ಹೋದರು. ಸಾಗರದ ಕಡೆಯ ಆ ಹಿರಿಯರು ಒಂದು ದೊಡ್ಡ ಅಮೂರ್ತ ಚಿತ್ರದ ಮುಂದೆ ನಿಂತು, ‘ನಮ್ಮೂರಲ್ಲಿ ಗೋಡೆ ಮೇಲೆ ಹಸೆ ಚಿತ್ತಾರ ಬರೀತಾರಲ್ಲೇ, ಅದರ ಎಳೆ ಇದ್ದ ಹಾಗಿದೆ’ ಅಂದರಂತೆ. ಚೀಟಿ ಓದಿ ಓದಿ ತಲೆ ಕೆಡಿಸಿಕೊಂಡಿದ್ದ ಸೊಸೆಗೆ ಅದು ಹೊಳೆದೇ ಇರಲಿಲ್ಲ!

ಎಲ್ಲ ಅತ್ತೆಯರೂ ಹೀಗಿರಲ್ಲ, ಎಲ್ಲ ಗಂಡಂದಿರೂ ‘ಹೋಗಿ ಬಾ’ ಅನ್ನಲ್ಲ, ಗೊತ್ತು. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಎಳೆಮಗು ಇದ್ದರೆ ಎರಡು ಗಂಟೆ ಅನ್ನೋದೇ ದೊಡ್ಡ ಮಾತು. ಅಂಥವರಿಗೆ ‘ಮನಸ್ಸು ಮಾಡಿದರೆ ಆಗುತ್ತೆ’ ಅಂತ ಉಪದೇಶ ಮಾಡೋದು ಸರಿಯಲ್ಲ. ಅವರಿಗೆ ಬೇಕಾಗಿರೋದು ಪಕ್ಕದ ಮನೆಯವರ ‘ಎರಡು ಗಂಟೆ ನಾನಿರ್ತೀನಿ, ನೀವು ಹೋಗಿ ಬನ್ನಿ’ ಅನ್ನೋ ಮಾತು. ಅದನ್ನು ನಾವು ಒಬ್ಬರಿಗೊಬ್ಬರು ಹೇಳಬಹುದು. ಕಿಟಿ ಪಾರ್ಟಿಗೆ, ಚೀಟಿಗೆ, ಭಜನೆಗೆ ಒಟ್ಟು ಸೇರೋ ನಮಗೆ ಇದೊಂದು ಕಷ್ಟವಾ? ಖರ್ಚಿನ ನೆಪ ಮಾತ್ರ ಈಗ ನಡೆಯಲ್ಲ. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆಯಿಂದ ನಮಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಆ ಬಸ್ಸು ದೇವಸ್ಥಾನಕ್ಕೂ ಹೋಗುತ್ತೆ, ಗ್ಯಾಲರಿಯ ಮುಂದೂ ನಿಲ್ಲುತ್ತೆ.

ಇಷ್ಟೆಲ್ಲಾ ಯಾಕೆ ಹೇಳ್ತಿದ್ದೀನಿ? ಒಂದು ಪ್ರಸಂಗದಿಂದಾಗಿ. ಮದುವೆಗೆ ಮುಂಚೆ ಚೆನ್ನಾಗಿ ಹಾಡುತ್ತಿದ್ದ ಪರಿಚಯದವರೊಬ್ಬರನ್ನು, ‘ನಿಮಗೆ ಯಾವ ಥರದ ಹಾಡು ಇಷ್ಟ?’ ಅಂತ ಕೇಳಿದ್ದೆ. ‘ನಮ್ಮನೆಯವರಿಗೆ ಹಳೇ ಹಿಂದಿ ಹಾಡು, ಮಗಳಿಗೆ ಅದ್ಯಾವುದೋ ಕೊರಿಯಾದ್ದು’ ಅಂದರು. ‘ಅದು ಸರಿ, ನಿಮಗೆ?’ ಅಂದೆ. ಅವರು ಸುಮ್ಮನಾದರು. ತುಂಬಾ ಹೊತ್ತು ಯೋಚಿಸಿ, ‘ಗೊತ್ತಿಲ್ಲ ಕಣ್ರೀ’ ಅಂದರು. ಕಣ್ಣಲ್ಲಿ ನೀರಿತ್ತು.

ಮನೆಯಲ್ಲಿ ಯಾರಿಗೆ ಯಾವ ಪಲ್ಯ ಇಷ್ಟ, ಯಾರ ಕಾಫಿಗೆ ಎಷ್ಟು ಸಕ್ಕರೆ ಅಂತ ಇಪ್ಪತ್ತು ವರ್ಷ ನೆನಪಿಟ್ಟುಕೊಂಡವರಿಗೆ ತಮಗೆ ಏನು ಇಷ್ಟ ಅನ್ನೋದೇ ಮರೆತುಹೋಗುತ್ತೆ. ಮಕ್ಕಳು ಹಾಸ್ಟೆಲಿಗೆ, ಪರದೇಶಕ್ಕೆ ಹೋದ ಮೇಲೆ ಖಾಲಿ ಮನೆಯಲ್ಲಿ ಕೂತಾಗ ಅದು ಕಾಡುತ್ತೆ. ನನ್ನ ಮಟ್ಟಿಗೆ ಚಿತ್ರ, ಹಾಡು, ಪುಸ್ತಕದ ಬೆನ್ನು ಹತ್ತೋದು ‘ಕಲ್ಚರ್ಡ್’ ಅನ್ನಿಸಿಕೊಳ್ಳೋಕೆ ಅಲ್ಲ, ಸ್ಟೇಟಸ್ಸಿಗೆ ಫೋಟೊ ಹಾಕೋಕೂ ಅಲ್ಲ. ‘ಇದು ನನಗೆ ಇಷ್ಟ, ಇದು ಇಷ್ಟ ಇಲ್ಲ’ ಅಂತ ಹೇಳೋ ಅಭ್ಯಾಸ ತಪ್ಪಿಹೋಗದಿರಲಿ ಅಂತ. ಆ ಅಭ್ಯಾಸ ಇದ್ದವರು ಮನೆಯ ಬೇರೆ ವಿಷಯಗಳಲ್ಲೂ ತಮ್ಮ ಮಾತು ಹೇಳೋಕೆ ಕಲೀತಾರೆ. ಬಹುಶಃ ಅದಕ್ಕೇ ಕೆಲವರಿಗೆ ಇದು ಅಷ್ಟು ಇಷ್ಟ ಆಗಲ್ಲ!

ಹೀಗೆ ಶುರು ಮಾಡಿ ನೋಡಿ

* ವಾರಕ್ಕೆ ಎರಡು ಗಂಟೆ ಗೊತ್ತು ಮಾಡಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕಿ. ಮನೆಯವರ ಕಣ್ಣಿಗೆ ಬೀಳಲಿ.

* ತಿಂಗಳಿಗೆ ಒಂದು ಗ್ಯಾಲರಿ, ಒಂದು ಪುಸ್ತಕ, ಒಬ್ಬ ಹೊಸ ಹಾಡುಗಾರರು. ಅದಕ್ಕಿಂತ ಜಾಸ್ತಿ ಬೇಡ, ಇದು ಸಿಲಬಸ್ ಅಲ್ಲ.

* ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ರಿಪೇರಿ ಅಂತಲೋ ಪ್ರದರ್ಶನ ಬದಲಾಯಿಸ್ತಿದ್ದಾರೆ ಅಂತಲೋ ಬಾಗಿಲು ಹಾಕಿರಬಹುದು.

* ಮೊದಲ ಸಲ ಮಕ್ಕಳನ್ನು ಬಿಟ್ಟು ಹೋಗಿ. ಅವರು ಜೊತೆಗಿದ್ದರೆ ನಿಮ್ಮ ಕಣ್ಣು ಅವರ ಮೇಲೇ ಇರುತ್ತೆ.

* ಹೊಸ ಹಾಡನ್ನು ಪಾತ್ರೆ ತೊಳೆಯುತ್ತಾ ಕೇಳಿ, ತಪ್ಪಿಲ್ಲ. ಆದರೆ ದಿನಕ್ಕೆ ಒಂದನ್ನಾದರೂ ಕೈ ಒರೆಸಿಕೊಂಡು, ಕೂತು ಕೇಳಿ.

* ಅಪಾರ್ಟ್‌ಮೆಂಟಿನಲ್ಲೋ ಬೀದಿಯಲ್ಲೋ ನಾಲ್ಕು ಜನ ಸೇರಿ ಒಂದೇ ಪುಸ್ತಕ ಕೊಂಡು ಸರದಿಯಲ್ಲಿ ಓದಿ. ಕೊನೆಯವರ ಮನೆಯಲ್ಲಿ ಕಾಫಿ, ಚರ್ಚೆ. ತಿಂಡಿಯ ಪೈಪೋಟಿ ಮಾತ್ರ ಬೇಡ!

* ಚಿತ್ರದ ಪಕ್ಕ ಕನ್ನಡದ ವಿವರಣೆ ಇಲ್ಲದಿದ್ದರೆ ಅಲ್ಲಿನ ಪುಸ್ತಕದಲ್ಲಿ ಬರೆದು ಬನ್ನಿ. ಕೂರೋಕೆ ಬೆಂಚಿಲ್ಲದಿದ್ದರೆ ಅದನ್ನೂ ಬರೆಯಿರಿ. ನಾಲ್ಕು ಜನ ಬರೆದರೆ ಐದನೆಯವರಿಗೆ ಸಿಗುತ್ತೆ.

* ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ನೋಡಿದ್ದು, ಕೇಳಿದ್ದು, ಓದಿದ್ದು. ಎದುರಿಗೆ ‘ಇಷ್ಟ’ ಅಥವಾ ‘ಇಷ್ಟ ಇಲ್ಲ’. ಅಷ್ಟೇ.

ಅಂದ ಹಾಗೆ, ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದವರ ಕಥೆ ಏನಾಯ್ತು ಅಂತೀರಾ? ಮೂರು ವಾರ ನಕ್ಕರು. ನಾಲ್ಕನೆಯ ವಾರ, ‘ನೀವು ಹೋಗೋದೇ ಆದರೆ ಹೇಳಿ, ಸುಮ್ನೆ ಜೊತೆಗೆ ಬರ್ತೀನಿ’ ಅಂದರು. ಬಂದರು. ಒಂದು ಚಿತ್ರದ ಮುಂದೆ ಇಪ್ಪತ್ತು ನಿಮಿಷ ನಿಂತರು. ಏನು ನೋಡ್ತಿದ್ದೀರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ, ‘ಅರ್ಥ ಆಗಲಿಲ್ಲ. ಆದರೆ ಇನ್ನೊಂದು ಸಲ ಬರಬೇಕು’ ಅಂದರು.

ಎನ್‌ಜಿಎಂಎಗೆ ಸೋಮವಾರ ರಜೆ. ನೀವು ಮಂಗಳವಾರ ಇಟ್ಟುಕೊಳ್ಳಿ. ಮಕ್ಕಳು ಸ್ಕೂಲಿಂದ ಬರೋದ್ರೊಳಗೆ ಮನೆ ಸೇರಬಹುದು.